ವಂಶದ ಕಷ್ಟವನ್ನು ಬರೆದಿಟ್ಟ ವೈದ್ಯ

ಕುಟುಂಬ ಮತ್ತು ಆರೋಗ್ಯ



ಹೆಣ್ಣು ನೋಡಲು ಬರುವವರಿದ್ದಾರೆ ಎಂದಾಗ ಕೆಲವು ಮನೆಗಳಲ್ಲಿ ಒಂದು ಮಗುವನ್ನು ಹಿಂದಿನ ಕೋಣೆಗೆ ಕಳುಹಿಸುತ್ತಾರೆ. ಆ ಮಗುವಿಗೆ ಮಾತು ಬಾರದಿರಬಹುದು, ಸರಿಯಾಗಿ ನಡೆಯಲು ಆಗದಿರಬಹುದು, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರಬಹುದು. ಬಂದವರು ಕಾಫಿ ಕುಡಿದು ಎದ್ದು ಹೋಗುವವರೆಗೂ ಅದು ಅಲ್ಲೇ ಇರಬೇಕು. ಇಷ್ಟೆಲ್ಲ ಮಾಡಿದರೂ ಬಂದವರು ಬೀದಿಯ ತಿರುವು ದಾಟುವಷ್ಟರಲ್ಲಿ ಯಾರೋ ಅವರ ಕಿವಿಗೆ ಹಾಕಿಯೇ ಇರುತ್ತಾರೆ: "ಆ ವಂಶದಲ್ಲಿ ಏನೋ ಇದೆಯಂತೆ."

ಈ "ಏನೋ" ಎಂಬ ಒಂದು ಮಾತು ಎಷ್ಟೋ ಮನೆಗಳ ನೆಮ್ಮದಿ ಕೆಡಿಸಿದೆ. ಅದು ಏನು ಎಂದು ಯಾರೂ ಹೇಳುವುದಿಲ್ಲ. ಹೇಳದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದ್ದಕ್ಕೆ ಚಿಕಿತ್ಸೆಯೂ ಸಿಗುವುದಿಲ್ಲ. ಮನೆಯವರು ಮರೆಮಾಡುತ್ತಾರೆ, ನೆರೆಯವರು ಪಿಸುಗುಟ್ಟುತ್ತಾರೆ, ಮಗು ಕೋಣೆಯಲ್ಲೇ ಬೆಳೆಯುತ್ತದೆ.

ಆ "ಏನೋ" ಎಂಬುದಕ್ಕೆ ಒಂದೊಂದಾಗಿ ಹೆಸರು ಕೊಟ್ಟು, ಪಟ್ಟಿ ಮಾಡಿ, ಜಗತ್ತಿನ ವೈದ್ಯರ ಕೈಗೆ ಕೊಟ್ಟವರೊಬ್ಬರು ಇದ್ದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ವೈದ್ಯರಾಗಿ, ಬರೆಯುವ ಮೇಜಿನ ಮುಂದೆ ವಿಜ್ಞಾನಿಯಾಗಿ ಬದುಕಿದ ಡಾ. ವಿಕ್ಟರ್ ಮೆಕ್ಯೂಸಿಕ್ ಅವರ ವಿಷಯವನ್ನು ಈ ತಿಂಗಳು ತಿಳಿಯೋಣ.

ಅವಳಿಗಳಲ್ಲಿ ಒಬ್ಬರು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವಿದೆ. ಅಲ್ಲಿನ ಪಾರ್ಕ್‌ಮನ್ ಎಂಬ ಹಳ್ಳಿಯಲ್ಲಿ ಹಸು ಸಾಕಿ ಜೀವನ ಮಾಡುತ್ತಿದ್ದ ಕುಟುಂಬವೊಂದರಲ್ಲಿ 1921ರ ಅಕ್ಟೋಬರ್ 21ರಂದು ಅವಳಿ ಗಂಡುಮಕ್ಕಳು ಹುಟ್ಟಿದರು. ಒಬ್ಬರು ವಿಕ್ಟರ್, ಇನ್ನೊಬ್ಬರು ವಿನ್ಸೆಂಟ್. ನೋಡಿದವರಿಗೆ ಗುರುತು ಸಿಗದಷ್ಟು ಒಂದೇ ರೂಪ. ಇಬ್ಬರೂ ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ ಕಲಿತರು.

1937ರ ಬೇಸಿಗೆಯಲ್ಲಿ, 15 ವರ್ಷದ ವಿಕ್ಟರ್‌ಗೆ ಕಂಕುಳ ಬಳಿ ಕೀವುಗಟ್ಟಿತು. ಊರಿನಲ್ಲಿ ವಾಸಿಯಾಗಲಿಲ್ಲ. ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸೇರಿಸಿದರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರದ ಕಾಲ ಅದು. ಆಗಷ್ಟೇ ಬಂದಿದ್ದ ಸಲ್ಫಾ ಔಷಧಿಯಿಂದ ಹುಡುಗ ಬದುಕಿಕೊಂಡ. ಸುಮಾರು ಹತ್ತು ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ವೈದ್ಯರು ಬರುವುದನ್ನೂ, ನೋಡುವುದನ್ನೂ, ತಮ್ಮತಮ್ಮಲ್ಲಿ ಚರ್ಚಿಸುವುದನ್ನೂ ಗಮನಿಸಿದ. ವೈದ್ಯನಾಗಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿಯೇ.

ಮುಂದೆ ವಿಕ್ಟರ್ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಸೇರಿ 1946ರಲ್ಲಿ ವೈದ್ಯರಾದರು. ಬದುಕಿನ ಕೊನೆಯವರೆಗೂ ಅದೇ ಸಂಸ್ಥೆಯಲ್ಲಿ ಉಳಿದರು. ಅವಳಿ ಸಹೋದರ ವಿನ್ಸೆಂಟ್ ಕಾನೂನು ಓದಿ ಮೇನ್ ರಾಜ್ಯದ ಮುಖ್ಯ ನ್ಯಾಯಾಧೀಶರಾದರು. ಒಂದೇ ರಕ್ತ, ಒಂದೇ ರೂಪ, ಆದರೆ ದಾರಿ ಎರಡು. ಹುಟ್ಟಿನಲ್ಲಿ ಬಂದದ್ದೇ ಮನುಷ್ಯನ ಇಡೀ ಕಥೆಯಲ್ಲ ಎಂಬುದಕ್ಕೆ, ವಂಶಗುಣಗಳನ್ನು ಅಭ್ಯಸಿಸಿದ ಈ ವೈದ್ಯರ ಮನೆಯೇ ಸಾಕ್ಷಿಯಾಗಿತ್ತು.

ತುಟಿಯ ಮೇಲಿನ ಚುಕ್ಕೆಗಳು

1947ರಲ್ಲಿ ಮೆಕ್ಯೂಸಿಕ್ ಇನ್ನೂ ಹೊಸ ವೈದ್ಯ. ಅವರ ಬಳಿ ಒಬ್ಬ ಹದಿಹರೆಯದ ಹುಡುಗ ಬಂದ. ಕರುಳಿನಲ್ಲಿ ಗಂಟುಗಳಿದ್ದವು. ತುಟಿಯ ಮೇಲೆ, ಬಾಯಿಯ ಒಳಗೆ ಕಪ್ಪು ಚುಕ್ಕೆಗಳೂ ಇದ್ದವು. ತುಟಿಗೂ ಕರುಳಿಗೂ ಏನು ಸಂಬಂಧ? ಬೇರೆ ಯಾರಾದರೂ ಆಗಿದ್ದರೆ ಕರುಳನ್ನು ಮಾತ್ರ ನೋಡಿ ಕಳುಹಿಸುತ್ತಿದ್ದರೇನೋ. ಈ ಯುವ ವೈದ್ಯರು ಹಾಗೆ ಬಿಡಲಿಲ್ಲ. ಹುಡುಕುತ್ತಾ ಹೋದಂತೆ ಅಂಥವರೇ ಇನ್ನೂ ನಾಲ್ವರು ಸಿಕ್ಕಿದರು. ಅವರಲ್ಲಿ ಮೂವರು ಒಂದೇ ಕುಟುಂಬದವರು!

ಡಾ. ಹೆರಾಲ್ಡ್ ಜೆಗರ್ಸ್ ಎಂಬ ಹಿರಿಯ ವೈದ್ಯರೂ ಇಂಥವರನ್ನು ನೋಡಿದ್ದಾರೆಂದು ತಿಳಿದು ಅವರನ್ನು ಸಂಪರ್ಕಿಸಿದರು. ಇಬ್ಬರೂ ಸೇರಿ 10 ರೋಗಿಗಳ ವಿವರವನ್ನು 1949ರಲ್ಲಿ ಪ್ರಕಟಿಸಿದರು. ಹಾಲೆಂಡಿನ ಪಾಯಿಟ್ಸ್ ಎಂಬ ವೈದ್ಯರು 1921ರಲ್ಲೇ ಇದನ್ನು ಗುರುತಿಸಿದ್ದರಿಂದ ಈಗ ಇದನ್ನು ಪಾಯಿಟ್ಸ್-ಜೆಗರ್ಸ್ ಕಾಯಿಲೆ ಎನ್ನುತ್ತಾರೆ.

ಆ ಹುಡುಗ ಮೆಕ್ಯೂಸಿಕ್ ಅವರಿಗೆ ಎರಡು ಪಾಠ ಕಲಿಸಿದ. ಮೊದಲನೆಯದು, ಒಂದೇ ಒಂದು ವಂಶವಾಹಿಯಲ್ಲಿ ತಪ್ಪಿದ್ದರೂ ದೇಹದ ಹಲವು ಕಡೆ ಗುರುತು ಕಾಣಿಸಬಹುದು. ಎರಡನೆಯದು, ರೋಗಿಯೊಬ್ಬ ಎದುರಿಗೆ ಕುಳಿತಾಗ ಅವನ ಹಿಂದೆ ಒಂದು ಇಡೀ ಕುಟುಂಬ ನಿಂತಿರುತ್ತದೆ. ಅವರನ್ನೂ ಕೇಳಬೇಕು.

ಹೃದಯ ನೋಡುತ್ತಾ ಕುಟುಂಬ ಕಂಡರು

ಅವರು ಆರಿಸಿಕೊಂಡದ್ದು ಹೃದಯದ ವಿಭಾಗ. ಹೃದಯದ ಸದ್ದುಗಳ ಕುರಿತು ಹೊಸ ರೀತಿಯ ಅಭ್ಯಾಸ ಮಾಡಿ ದೊಡ್ಡ ಪುಸ್ತಕ ಬರೆದರು. ಅದೇ ಸಮಯದಲ್ಲಿ ಅವರ ಬಳಿ ಬರುತ್ತಿದ್ದ ಕೆಲವು ರೋಗಿಗಳು ಬಹಳ ಎತ್ತರ, ಬಹಳ ತೆಳ್ಳಗೆ, ಜೇಡರ ಕಾಲಿನಂತೆ ನೀಳವಾದ ಬೆರಳು. ಕಣ್ಣಿನ ಮಸೂರ ತನ್ನ ಜಾಗದಿಂದ ಜಾರಿರುತ್ತಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಸೀಳುತ್ತಿತ್ತು. ಇದು ಮಾರ್ಫಾನ್ ಕಾಯಿಲೆ. ಪ್ಯಾರಿಸ್ಸಿನ ಮಕ್ಕಳ ವೈದ್ಯ ಮಾರ್ಫಾನ್ ಅವರು 1896ರಲ್ಲಿ ಇಂಥ ಒಂದು ಪುಟ್ಟ ಹುಡುಗಿಯ ಕೈಕಾಲುಗಳ ವಿವರ ಬರೆದಿದ್ದರು.

ಕಣ್ಣು, ಮೂಳೆ, ರಕ್ತನಾಳ ಎಂದು ಮೂವರು ಬೇರೆಬೇರೆ ವೈದ್ಯರು ನೋಡುತ್ತಿದ್ದ ಕಷ್ಟಗಳು ಒಂದೇ ಬೇರಿನವು ಎಂದು ಮೆಕ್ಯೂಸಿಕ್ ಹೇಳಿದರು. ದೇಹದ ಭಾಗಗಳನ್ನು ಹಿಡಿದು ನಿಲ್ಲಿಸುವ ನಾರಿನಲ್ಲೇ ದೋಷವಿರಬೇಕು ಎಂದು 1956ರಲ್ಲಿ ಒಂದು ಪುಸ್ತಕವನ್ನೇ ಬರೆದರು. 35 ವರ್ಷಗಳ ನಂತರ, 1991ರಲ್ಲಿ, ಅವರದೇ ಸಂಸ್ಥೆಯವರೂ ಸೇರಿದಂತೆ ಸಂಶೋಧಕರು ಆ ನಾರಿನ ವಂಶವಾಹಿಯಲ್ಲಿಯೇ ತಪ್ಪನ್ನು ಹುಡುಕಿ ತೋರಿಸಿದರು.

1972ರಲ್ಲಿ ಅವರ ತಂಡ ಮಾರ್ಫಾನ್ ಇದ್ದು ತೀರಿಕೊಂಡವರ ಲೆಕ್ಕ ಹಾಕಿತು. ಸಾಯುವಾಗ ಅವರ ಸರಾಸರಿ ವಯಸ್ಸು 32. ಈ ಸಂಖ್ಯೆ ನೋಡಿ ವೈದ್ಯರು ಸುಮ್ಮನೆ ಕೂರಲಿಲ್ಲ. ಎಲ್ಲಿ ಸೀಳುತ್ತದೆ ಎಂಬುದು ಗೊತ್ತಾದ ಮೇಲೆ, ಸೀಳುವ ಮೊದಲೇ ಆ ರಕ್ತನಾಳವನ್ನು ಬದಲಿಸುವ ಶಸ್ತ್ರಚಿಕಿತ್ಸೆ ಬಂತು. ರಕ್ತದ ಒತ್ತಡ ತಗ್ಗಿಸುವ ಮಾತ್ರೆ ಬಂತು. ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನ್ ಬಂತು. ಇಂದು ಸರಿಯಾದ ಆರೈಕೆ ಸಿಕ್ಕ ಮಾರ್ಫಾನ್ ರೋಗಿಗಳು 70ರ ಆಸುಪಾಸಿನವರೆಗೂ ಬದುಕುತ್ತಾರೆ. ಬರೆದಿಟ್ಟದ್ದರಿಂದ ಆದ ಲಾಭ ಇದು.

"ಕೈಯಾರೆ ಹಾಳುಮಾಡಿಕೊಳ್ಳುತ್ತಿದ್ದಾನೆ"

1957ರಲ್ಲಿ ಹಾಪ್ಕಿನ್ಸ್ ಆಸ್ಪತ್ರೆಯ ಒಂದು ಹಳೆಯ ಚಿಕಿತ್ಸಾಲಯವನ್ನು ನೋಡಿಕೊಳ್ಳಲು ಅವರಿಗೆ ವಹಿಸಿದರು. ಮೊದಲು ಅದು ಸಿಫಿಲಿಸ್ ರೋಗಿಗಳಿಗಾಗಿ ಇದ್ದದ್ದು. ಪೆನಿಸಿಲಿನ್ ಬಂದ ಮೇಲೆ ಅಂಥ ರೋಗಿಗಳು ಕಡಿಮೆಯಾಗಿ, ಅದು ದೀರ್ಘಕಾಲದ ಕಾಯಿಲೆಗಳ ಚಿಕಿತ್ಸಾಲಯವಾಗಿತ್ತು. ಹುಟ್ಟಿನಿಂದ ಸಾವಿನವರೆಗೂ ಜೊತೆಗಿರುವ ವಂಶದ ಕಾಯಿಲೆಗಿಂತ ದೀರ್ಘವಾದದ್ದು ಬೇರೆ ಯಾವುದಿದೆ? ಹಾಗೆಂದು ಮೆಕ್ಯೂಸಿಕ್ ಅಲ್ಲಿ ವೈದ್ಯಕೀಯ ವಂಶಶಾಸ್ತ್ರದ ವಿಭಾಗವನ್ನೇ ತೆರೆದರು.

ಗೆಳೆಯರಿಗೆ ಇದು ಹಿಡಿಸಲಿಲ್ಲ. ಹೃದಯದ ವೈದ್ಯನಾಗಿ ಹೆಸರು ಮಾಡುತ್ತಿರುವವನು, ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಗಳ ಹಿಂದೆ ಹೋಗಿ ತನ್ನ ವೃತ್ತಿಯನ್ನು ಕೈಯಾರೆ ಹಾಳುಮಾಡಿಕೊಳ್ಳುತ್ತಿದ್ದಾನೆ ಎಂದರು. ಆ ದಿನಗಳಲ್ಲಿ ಈ ಶಾಸ್ತ್ರ ಎಷ್ಟು ಎಳೆಯದಾಗಿತ್ತೆಂದರೆ, ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬ ಸರಿಯಾದ ಲೆಕ್ಕ ಸಿಕ್ಕಿದ್ದೇ ಅದಕ್ಕೆ ಒಂದು ವರ್ಷ ಮೊದಲು, 1956ರಲ್ಲಿ.

ಮೆಕ್ಯೂಸಿಕ್ ಹಿಂದೆ ಸರಿಯಲಿಲ್ಲ. ಲಕ್ಷಕ್ಕೊಬ್ಬರಾದರೂ ಆ ಒಬ್ಬರ ತಾಯಿಗೆ ಅದು ಪೂರ್ತಿ ಕಷ್ಟವೇ ಅಲ್ಲವೇ?

ಮಠದ ತೋಟದಲ್ಲಿ ಸಿಕ್ಕ ನಿಯಮ

ಮುಂದಿನ ಕಥೆ ತಿಳಿಯಬೇಕಾದರೆ ನಮ್ಮವರೇ ಆದ ಒಬ್ಬ ಗುರುಗಳನ್ನು ನೆನೆಯಬೇಕು. ಈಗಿನ ಚೆಕ್ ದೇಶದಲ್ಲಿರುವ ಬರ್ನೊ ನಗರದ ಸಂತ ಅಗಸ್ಟೀನರ ಸಭೆಯ ಮಠದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಗುರುಗಳಿದ್ದರು. 1856ರಿಂದ ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಬೆಳೆದು, ಯಾವ ಗಿಡದಿಂದ ಯಾವ ಗಿಡ ಹುಟ್ಟಿತೆಂದು ಲೆಕ್ಕ ಇಟ್ಟರು. 1865ರಲ್ಲಿ ಅದನ್ನು ಓದಿ ಹೇಳಿದರು, 1866ರಲ್ಲಿ ಅಚ್ಚು ಹಾಕಿಸಿದರು. ಆಗ ಯಾರೂ ಗಮನಿಸಲಿಲ್ಲ. ಅವರು ಮಠದ ಮುಖ್ಯಸ್ಥರಾಗಿ, 1884ರಲ್ಲಿ ತೀರಿಕೊಂಡರು. 1900ರಲ್ಲಿ ಜಗತ್ತು ಆ ಬರಹವನ್ನು ಮತ್ತೆ ಕಂಡುಕೊಂಡಿತು.

ಮೆಂಡೆಲ್ ಕಂಡ ನಿಯಮವನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು. ನಮ್ಮ ದೇಹದ ಹೆಚ್ಚಿನ ಕೆಲಸಗಳಿಗೆ ಎರಡೆರಡು ಓಲೆಗಳಿವೆ. ಒಂದು ತಂದೆ ಕೊಟ್ಟದ್ದು, ಒಂದು ತಾಯಿ ಕೊಟ್ಟದ್ದು. ಈ ಓಲೆಯೇ ವಂಶವಾಹಿ. ಕೆಲವು ಕಾಯಿಲೆಗಳಲ್ಲಿ ಎರಡು ಓಲೆಗಳಲ್ಲಿ ಒಂದು ಹಾಳಾಗಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ, ತನ್ನಲ್ಲಿ ಹಾಳು ಓಲೆ ಇದೆಯೆಂದು ಅವನಿಗೇ ಗೊತ್ತಿರುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಹಾಳು ಓಲೆ ಇದ್ದು, ಮಗುವಿಗೆ ಎರಡೂ ಕಡೆಯಿಂದ ಅದೇ ಬಂದರೆ ಮಾತ್ರ ಕಾಯಿಲೆ. ಅಂಥ ದಂಪತಿಗೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. "ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ" ಎಂದು ಕೆಲವರು ಧೈರ್ಯ ಹೇಳುತ್ತಾರೆ. ಅದು ತಪ್ಪು. ಪ್ರತಿ ಬಸಿರಿನಲ್ಲೂ ಚೀಟಿ ಹೊಸದಾಗಿಯೇ ಎತ್ತಿದಂತೆ.

ಇನ್ನು ಮಾರ್ಫಾನ್‌ನಂಥ ಕೆಲವು ಕಾಯಿಲೆಗಳಿಗೆ ಒಂದು ಹಾಳು ಓಲೆಯೇ ಸಾಕು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಆಮಿಶ್ ಜನರ ಅಂಗಳದಲ್ಲಿ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. 18ನೆಯ ಶತಮಾನದಲ್ಲಿ ಯೂರೋಪಿನಿಂದ ಬಂದವರು. ಇಂದಿಗೂ ಕುದುರೆ ಗಾಡಿ, ಸರಳ ಉಡುಪು, ಬೇಸಾಯ. ಮದುವೆ ತಮ್ಮತಮ್ಮಲ್ಲೇ. ಮನೆ ತುಂಬ ಮಕ್ಕಳು. ಯಾರ ಮಗ ಯಾರು, ಯಾರ ಮೊಮ್ಮಗಳು ಯಾರು ಎಂದು ತಲೆಮಾರುಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುವವರು.

ಆ ಜನರಲ್ಲಿ ತೀರ ಗಿಡ್ಡ ಮಕ್ಕಳು ಹೆಚ್ಚಾಗಿ ಹುಟ್ಟುತ್ತಾರೆ ಎಂದು ಅಲ್ಲಿನ ಸ್ಥಳೀಯ ವೈದ್ಯರೊಬ್ಬರು ಹೇಳಿದ ಮಾತು 1960ರ ದಶಕದ ಆರಂಭದಲ್ಲಿ ಮೆಕ್ಯೂಸಿಕ್ ಅವರ ಕಣ್ಣಿಗೆ ಬಿತ್ತು. ಅದೇ ಸಮಯದಲ್ಲಿ ಆಮಿಶ್ ಮನೆಯಲ್ಲೇ ಬೆಳೆದ ಜಾನ್ ಹಾಸ್ಟೆಟ್ಲರ್ ಎಂಬ ವಿದ್ವಾಂಸರು ತಮ್ಮ ಜನರ ಬಗ್ಗೆ ಬರೆದ ಪುಸ್ತಕವೂ ಕೈಗೆ ಬಂತು. ಅವರ ನೆರವಿನಿಂದ ಮೆಕ್ಯೂಸಿಕ್ ಹಳ್ಳಿಗಳಿಗೆ ಹೊರಟರು. ಆ ಜನರನ್ನು ಆಸ್ಪತ್ರೆಗೆ ಕರೆಸಿಕೊಳ್ಳುವ ಬದಲು ತಾವೇ ಅವರ ಮನೆಗಳಿಗೆ ಹೋದರು. ಮಕ್ಕಳನ್ನು ಪರೀಕ್ಷಿಸಿದರು. ವಂಶಾವಳಿಯ ಪುಸ್ತಕಗಳನ್ನು ನೋಡಿ ಯಾರಿಗೆ ಯಾರು ಸಂಬಂಧ ಎಂದು ಬರೆದುಕೊಂಡರು.

ಎಲ್ಲರೂ ಒಂದೇ ಬಗೆಯ ಕುಳ್ಳರು ಎಂದುಕೊಂಡಿದ್ದದ್ದು ತಪ್ಪಾಗಿತ್ತು. ಅಲ್ಲಿ ಎರಡು ಬೇರೆಬೇರೆ ಕಾಯಿಲೆಗಳಿದ್ದವು. ಒಂದರಲ್ಲಿ ಮಕ್ಕಳ ಕೂದಲು ಬಹಳ ತೆಳು, ನಯ. ಅಂಥ ಮಕ್ಕಳಿಗೆ ಸೀತಾಳೆ ಸಿಡುಬು ಬಂದರೆ ಪ್ರಾಣಕ್ಕೇ ಅಪಾಯವಾಗುತ್ತಿತ್ತು. ಈ ಕಾಯಿಲೆಯನ್ನು ಮೆಕ್ಯೂಸಿಕ್ ತಂಡವೇ 1965ರಲ್ಲಿ ಮೊದಲ ಬಾರಿಗೆ ವಿವರಿಸಿತು. ಇನ್ನೊಂದರಲ್ಲಿ ಗಿಡ್ಡ ಕೈಕಾಲಿನ ಜೊತೆಗೆ ಕಿರುಬೆರಳ ಪಕ್ಕದಲ್ಲಿ ಆರನೆಯ ಬೆರಳು. ಎಷ್ಟೋ ಮಕ್ಕಳಿಗೆ ಹೃದಯದಲ್ಲಿ ರಂಧ್ರ.

ಈ ಎರಡನೆಯದರ ಹೆಸರು ಎಲ್ಲಿಸ್-ವಾನ್ ಕ್ರೆವೆಲ್ಡ್ ಕಾಯಿಲೆ. ಆ ಹೆಸರಿಗೂ ಒಂದು ಕಥೆಯಿದೆ. ಎಡಿನ್‌ಬರೋದ ಎಲ್ಲಿಸ್, ಆಮ್‌ಸ್ಟರ್‌ಡ್ಯಾಮಿನ ವಾನ್ ಕ್ರೆವೆಲ್ಡ್ ಎಂಬ ಇಬ್ಬರು ಮಕ್ಕಳ ವೈದ್ಯರು ಒಂದು ಸಮ್ಮೇಳನಕ್ಕೆ ಹೋಗುವಾಗ ರೈಲಿನ ಒಂದೇ ಡಬ್ಬಿಯಲ್ಲಿ ಕುಳಿತಿದ್ದರಂತೆ. ಮಾತಿಗೆ ಮಾತು ಬೆಳೆದಾಗ ಇಬ್ಬರ ಬಳಿಯೂ ಇಂಥ ಒಬ್ಬೊಬ್ಬ ರೋಗಿ ಇರುವುದು ಗೊತ್ತಾಯಿತು. 1940ರಲ್ಲಿ ಇಬ್ಬರೂ ಸೇರಿ ಬರೆದರು.

ಮೆಕ್ಯೂಸಿಕ್ ತಂಡ 1964ರಲ್ಲಿ ಲ್ಯಾಂಕಾಸ್ಟರ್ ಆಮಿಶರಲ್ಲಿಯೇ ಇಂಥ 52 ಜನರ ಲೆಕ್ಕ ಕೊಟ್ಟಿತು. ಅದುವರೆಗೆ ಜಗತ್ತಿನ ಎಲ್ಲ ವೈದ್ಯಕೀಯ ಬರಹಗಳಲ್ಲಿ ಸೇರಿ ದಾಖಲಾಗಿದ್ದವರಿಗೆ ಹೆಚ್ಚುಕಡಿಮೆ ಸಮನಾದ ಸಂಖ್ಯೆ ಅದು! ಆ ಮಕ್ಕಳ ಹೆತ್ತವರ ವಂಶವನ್ನು ಹಿಂದಕ್ಕೆ ಹಿಂದಕ್ಕೆ ಹಿಡಿದು ಹೋದರೆ ಎಲ್ಲ ಗೆರೆಗಳೂ 1744ರಲ್ಲಿ ಹಡಗಿನಲ್ಲಿ ಬಂದಿಳಿದ ಸ್ಯಾಮ್ಯುಯೆಲ್ ಕಿಂಗ್ ಮತ್ತು ಅವರ ಪತ್ನಿಯ ಬಳಿಗೆ ಬಂದು ನಿಂತವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ದಂಪತಿ ಮಾಡಿದ ಅಪರಾಧವೇನು? ಏನೂ ಇಲ್ಲ. ಅವರಿಬ್ಬರಲ್ಲಿ ಒಬ್ಬರಲ್ಲಿ ಒಂದು ಹಾಳು ಓಲೆ ಇತ್ತು, ಅಷ್ಟೇ. ಅಂಥ ಒಂದೆರಡಾದರೂ ಓಲೆಗಳು ನಮ್ಮ ನಿಮ್ಮಲ್ಲೂ ಇವೆ, ಪ್ರತಿ ಮನುಷ್ಯನಲ್ಲೂ ಇವೆ. ಮೊಮ್ಮಕ್ಕಳು, ಮರಿಮಕ್ಕಳು ತಮ್ಮತಮ್ಮಲ್ಲೇ ಮದುವೆಯಾದಾಗ ಅದೇ ಓಲೆ ಎರಡು ಕಡೆಯಿಂದ ಬಂದು ಒಂದೇ ತೊಟ್ಟಿಲಲ್ಲಿ ಸೇರಿತು.

ಎಲ್ಲರಿಗೂ ತೆರೆದಿಟ್ಟ ಪುಸ್ತಕ

ಮೆಕ್ಯೂಸಿಕ್ ತಮಗೆ ಸಿಕ್ಕದ್ದನ್ನೂ, ಜಗತ್ತಿನಲ್ಲಿ ಬೇರೆಯವರು ಬರೆದದ್ದನ್ನೂ ಒಂದೇ ಕಡೆ ಪಟ್ಟಿ ಮಾಡತೊಡಗಿದರು. 1966ರಲ್ಲಿ, ಮೆಂಡೆಲ್ ಗುರುಗಳ ಬರಹ ಅಚ್ಚಾಗಿ ಸರಿಯಾಗಿ ನೂರು ವರ್ಷಕ್ಕೆ, "ಮೆಂಡೇಲಿಯನ್ ಇನ್‌ಹೆರಿಟೆನ್ಸ್ ಇನ್ ಮ್ಯಾನ್" ಎಂಬ ಪುಸ್ತಕ ಹೊರಬಂತು. ಮೊದಲ ಮುದ್ರಣದಲ್ಲಿ ಸುಮಾರು 1,500 ನಮೂದುಗಳು. ಕಂಪ್ಯೂಟರ್ ಎಂದರೆ ಒಂದು ಕೋಣೆಯಷ್ಟು ದೊಡ್ಡದಾಗಿದ್ದ ಆ ಕಾಲದಲ್ಲೇ ಅವರು ಈ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದರು. 1998ರವರೆಗೆ 12 ಮುದ್ರಣಗಳು ಬಂದವು. 1987ರಿಂದ ಕಂಪ್ಯೂಟರ್ ಜಾಲದಲ್ಲೂ ಸಿಗತೊಡಗಿತು. ಇಂದು ಅದರಲ್ಲಿ 25,000ಕ್ಕೂ ಹೆಚ್ಚು ನಮೂದುಗಳಿವೆ. ಯಾವ ದೇಶದ ವೈದ್ಯರಾದರೂ ಹಣ ಕೊಡದೆ ನೋಡಬಹುದು. ಅಪರೂಪದ ಕಾಯಿಲೆಯ ಮಗುವೊಂದು ಎದುರಿಗೆ ಬಂದಾಗ ವೈದ್ಯರು ಮೊದಲು ತೆರೆಯುವ ಪುಟಗಳಲ್ಲಿ ಇದೂ ಒಂದು.

1969ರಲ್ಲಿ ಹಾಲೆಂಡಿನ ಹೇಗ್ ನಗರದ ಸಮ್ಮೇಳನವೊಂದರಲ್ಲಿ ಮೆಕ್ಯೂಸಿಕ್ ಎದ್ದು ನಿಂತು, ಮನುಷ್ಯನ ಎಲ್ಲ ವಂಶವಾಹಿಗಳೂ ಎಲ್ಲೆಲ್ಲಿವೆ ಎಂದು ನಕ್ಷೆ ಮಾಡಬೇಕು ಎಂದರು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷ ಅದು. ಆದರೂ ಈ ಮಾತು ಅತಿಯಾಸೆ ಎಂದು ಅನೇಕರಿಗೆ ತೋರಿತು. ಆ ದೊಡ್ಡ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತು. ಅದನ್ನು ಕಣ್ಣಾರೆ ನೋಡುವ ಭಾಗ್ಯ ಅವರಿಗಿತ್ತು.

ನಮ್ಮ ಸೀಮೆಯ ಹೆಸರೂ ಇದೆ

ದೂರದ ಅಮೆರಿಕದ ಕಥೆ ನಮಗೇಕೆ ಎನ್ನಬೇಡಿ. ಆ ಪಟ್ಟಿಯಲ್ಲಿ ಕರ್ನಾಟಕದ ಒಂದು ಹಳ್ಳಿಯ ಹೆಸರೂ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ನಡೆಯಲಾಗದೆ ಹೋಗುವ ಕಾಯಿಲೆ ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿಗಳನ್ನು ತಿಂದದ್ದರಿಂದ ಬಂದಿರಬೇಕೆಂದು ಮೊದಲು ಸಂಶಯ ಪಟ್ಟರು. ವೈದ್ಯರು ಮನೆಮನೆಗೆ ಹೋಗಿ ವಂಶಾವಳಿ ಬರೆದಾಗ ಅದು ವಂಶದಲ್ಲಿ ಇಳಿದು ಬರುವ ಮೂಳೆಯ ಕಾಯಿಲೆ ಎಂದು ತಿಳಿಯಿತು.

ನೀಲಗಿರಿ, ವಯನಾಡಿನ ಓದುಗರಿಗೆ ಇನ್ನೊಂದು ಉದಾಹರಣೆ ಗೊತ್ತೇ ಇದೆ. ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್. ಭಾರತದಲ್ಲಿ ಇದು ಇದೆ ಎಂದು ಮೊದಲು ತಿಳಿದದ್ದೇ 1952ರಲ್ಲಿ, ನೀಲಗಿರಿಯ ಬೆಟ್ಟದ ಜನರ ರಕ್ತ ಪರೀಕ್ಷೆಯಿಂದ. ಒಂದು ಹಾಳು ಓಲೆ ಇದ್ದವರು ಆರೋಗ್ಯವಾಗಿರುತ್ತಾರೆ, ಮಲೇರಿಯಾದ ತೀವ್ರತೆಯಿಂದ ಅವರಿಗೆ ರಕ್ಷಣೆಯೂ ಸಿಗುತ್ತದೆ. ಎರಡೂ ಹಾಳಾದವರಿಗೆ ಮೈಕೈ ನೋವು, ರಕ್ತಹೀನತೆ, ಮತ್ತೆ ಮತ್ತೆ ಸೋಂಕು. ಬೇಗ ಗೊತ್ತಾದರೆ ಔಷಧಿಯಿಂದ ಈ ನೋವನ್ನು ಬಹಳಷ್ಟು ತಗ್ಗಿಸಬಹುದು. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ರಾಷ್ಟ್ರಮಟ್ಟದ ಕಾರ್ಯಕ್ರಮವನ್ನೂ ಆರಂಭಿಸಿತು. ರಕ್ತ ಪರೀಕ್ಷೆಗೆ ಕರೆದಾಗ "ನಮ್ಮ ಮನೆಯಲ್ಲಿ ಅಂಥದ್ದೇನಿಲ್ಲ" ಎಂದು ಬಾಗಿಲು ಹಾಕಿಕೊಳ್ಳಬೇಡಿ.

ಸೋದರ ಸಂಬಂಧ ಮತ್ತು ಧರ್ಮಸಭೆಯ ನಿಯಮ

ನಮ್ಮಲ್ಲಿ ಅಕ್ಕನ ಮಗಳನ್ನು, ಅತ್ತೆಯ ಮಗನನ್ನು, ಮಾವನ ಮಗಳನ್ನು ಮದುವೆಯಾಗುವುದು ಹಳೆಯ ರೂಢಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕ, ತಮಿಳುನಾಡು, ಆಂಧ್ರಗಳಲ್ಲಿ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲಿಯೇ ಆಗಿವೆ. ಆಸ್ತಿ ಹೊರಗೆ ಹೋಗುವುದಿಲ್ಲ, ಮಗಳು ಗುರುತಿನ ಮನೆಯಲ್ಲಿ ಇರುತ್ತಾಳೆ ಎಂಬುದು ಹಿರಿಯರ ಮಾತು. ಅದರಲ್ಲಿ ಪ್ರೀತಿಯೂ ಇದೆ, ಸುಳ್ಳೆನ್ನಲಾಗದು.

ಆದರೆ ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಲ್ಲಿ ಒಂದೇ ಹಾಳು ಓಲೆ ಇರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದ ದೊಡ್ಡ ದೋಷವಿರುತ್ತದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಇದು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸೋದರಮಾವನ ಮದುವೆಯಲ್ಲಿ ಸಂಬಂಧ ಇನ್ನೂ ಹತ್ತಿರದ್ದು, ಅಪಾಯವೂ ಹೆಚ್ಚು. ಇಂಥ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಅದೂ ನಿಜ. ಹೆದರಿಸುವುದು ಬೇಡ, ತಿಳಿದಿರುವುದು ಬೇಕು.

ಧರ್ಮಸಭೆಯ ಕಾನೂನಿನಂತೆ ಸೋದರಮಾವ-ಸೊಸೆ, ಅತ್ತೆ-ಮಾವನ ಮಕ್ಕಳ ನಡುವೆ ವಿವಾಹಕ್ಕೆ ಅಡ್ಡಿಯಿದೆ. ಧರ್ಮಾಧ್ಯಕ್ಷರ ವಿನಾಯಿತಿ ಪಡೆದರೆ ಮಾತ್ರ ಅದು ಸಿಂಧು. ಮದುವೆಗೆ ಮುಂಚೆ ಗುರುಗಳು "ಹುಡುಗ ಹುಡುಗಿ ಸಂಬಂಧಿಕರೇ?" ಎಂದು ಕೇಳುವುದು ಇದಕ್ಕೇ. ಆ ಪ್ರಶ್ನೆಗೆ ನಿಜ ಹೇಳದೆ ಜಾರಿಕೊಳ್ಳುವವರಿದ್ದಾರೆ. ವಿನಾಯಿತಿಯ ಅರ್ಜಿ ಬರೆಯುವ ದಿನವೇ ವೈದ್ಯರ ಸಲಹೆಯನ್ನೂ ಪಡೆದರೆ ಎಷ್ಟು ಚೆನ್ನ!

ಯಾರ ತಪ್ಪು?

ಮಗುವಿನಲ್ಲಿ ದೋಷ ಕಂಡಾಗ ನಮ್ಮ ಮನೆಗಳಲ್ಲಿ ಮೊದಲು ಬೆರಳು ಹೋಗುವುದು ತಾಯಿಯ ಕಡೆಗೆ. "ಬಸುರಿಯಲ್ಲಿ ಗ್ರಹಣ ನೋಡಿದಳು", "ಅವಳ ತವರಿನದು" ಎಂಬ ಮಾತುಗಳು. ಎಷ್ಟೋ ಸೊಸೆಯರು ಈ ಮಾತಿನಿಂದಲೇ ಮನೆ ಬಿಟ್ಟು ಹೋಗಿದ್ದಾರೆ. ಎರಡು ಓಲೆ ಸೇರಿ ಬರುವ ಕಾಯಿಲೆಯಲ್ಲಿ ತಂದೆಯ ಪಾಲು ತಾಯಿಯ ಪಾಲಿನಷ್ಟೇ ಇರುತ್ತದೆ. ಇನ್ನು ಕೆಲವು ಕಾಯಿಲೆಗಳು ಇಬ್ಬರಿಂದಲೂ ಬಂದಿರುವುದಿಲ್ಲ. ಮಾರ್ಫಾನ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅದು ಆ ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದ ಬದಲಾವಣೆ.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಇದು ಯಾರ ಪಾಪ, ಇವನದೋ ಹೆತ್ತವರದೋ ಎಂದು ಪ್ರಭುವನ್ನು ಕೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಇಬ್ಬರದೂ ಅಲ್ಲ ಎಂಬುದೇ ಪ್ರಭುವಿನ ಉತ್ತರವಾಗಿತ್ತು. ಆ ಶುಭಸಂದೇಶವನ್ನು ದೇವಾಲಯದಲ್ಲಿ ಕೇಳಿ ಬಂದು, ಮನೆಯಲ್ಲಿ ಸೊಸೆಯನ್ನು ದೂರಿದರೆ ಕೇಳಿದ್ದು ವ್ಯರ್ಥವಾಯಿತು.

ಈ ತಿಂಗಳು ಮನೆಯಲ್ಲಿ ಮಾಡಿ

ಒಂದು: ಒಂದು ಭಾನುವಾರ ಪೂಜೆ ಮುಗಿಸಿ ಬಂದು, ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಯಾರು ಯಾರನ್ನು ಮದುವೆಯಾದರು, ಯಾವ ಮಕ್ಕಳು ಎಳವೆಯಲ್ಲೇ ತೀರಿಕೊಂಡರು, ಯಾರಿಗೆ ಏನು ಕಷ್ಟವಿತ್ತು ಎಂದು ಬರೆಯಿರಿ. ಹೆಸರು, ವರ್ಷ ನೆನಪಿಲ್ಲದಿದ್ದರೆ ಧರ್ಮಕೇಂದ್ರದ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳಿವೆ. ಗುರುಗಳನ್ನು ಕೇಳಿದರೆ ನೋಡಿ ಹೇಳುತ್ತಾರೆ.

ಎರಡು: ಒಂದೇ ಬಗೆಯ ಕಷ್ಟ ಎರಡು ಮೂರು ಜನರಲ್ಲಿ ಕಂಡರೆ, ಅಥವಾ ಕಾರಣ ತಿಳಿಯದೆ ಎರಡು ಮಕ್ಕಳು ತೀರಿಕೊಂಡಿದ್ದರೆ, ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ವಂಶಶಾಸ್ತ್ರದ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಅವರು ಚೀಟಿ ಕೊಡುತ್ತಾರೆ.

ಮೂರು: ಮದುವೆ ಮಾತುಕತೆಯಲ್ಲಿ ನಿಜ ಹೇಳಿ. ಮುಚ್ಚಿಟ್ಟು ಕಟ್ಟಿದ ಸಂಬಂಧ ಮೊದಲ ತೊಟ್ಟಿಲಿಗೇ ಅಲುಗಾಡುತ್ತದೆ.

ನಾಲ್ಕು: ಹಿಂದಿನ ಕೋಣೆಯ ಮಗುವನ್ನು ಮುಂದಿನ ಕೋಣೆಗೆ ಕರೆತನ್ನಿ. ಪೂಜೆಗೂ ಕರೆತನ್ನಿ. ಶಾಲೆಗೆ ಕಳುಹಿಸಿ. ವಾಸಿಯಾಗದ ಕಾಯಿಲೆಗೂ ಆರೈಕೆ ಇದೆ.

ಡಾ. ಮೆಕ್ಯೂಸಿಕ್ 2008ರ ಜುಲೈ 22ರಂದು, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. 1960ರಲ್ಲಿ ತಮ್ಮ ಹುಟ್ಟೂರಿನ ರಾಜ್ಯದಲ್ಲಿಯೇ ಅವರು ಆರಂಭಿಸಿದ ಬೇಸಿಗೆಯ ಪಾಠಗಳು ಪ್ರತಿ ವರ್ಷ ನಡೆದು ಬಂದಿವೆ. ವೃತ್ತಿ ಹಾಳುಮಾಡಿಕೊಳ್ಳುತ್ತಾನೆ ಎನಿಸಿಕೊಂಡವರನ್ನು ಇಂದು ವೈದ್ಯಕೀಯ ವಂಶಶಾಸ್ತ್ರದ ಪಿತಾಮಹ ಎನ್ನುತ್ತಾರೆ. ಅವರು ಮಾಡಿದ ಕೆಲಸದ ತಿರುಳು ಮಾತ್ರ ಬಹಳ ಸರಳ. ಮನೆಗೆ ಹೋದರು, ಕೇಳಿದರು, ನೋಡಿದರು, ಬರೆದಿಟ್ಟರು.

ನಮ್ಮ ಮನೆಯ ಒಂದು ಹಾಳೆಯನ್ನು ನಾವೂ ಬರೆದಿಡಬಹುದಲ್ಲವೇ? ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.